ಅಂಚಿನ ಗೆರೆ, ಎಣಿಕೆಯ ಗೆರೆ: ಒಬ್ಬ ಕಲಾ ವಿದ್ಯಾರ್ಥಿನಿಯ ಅಭ್ಯಾಸ ಪುಸ್ತಿಕೆಯನ್ನು ಓದುತ್ತ

ಕಲಾಶಾಲೆಗಳಲ್ಲಿ ವಿದ್ಯಾರ್ಥಿಗಳು ಬಿಡಿಸುವ ಅಭ್ಯಾಸ ಚಿತ್ರಗಳನ್ನು ಅಂಕ ನೀಡುವವರನ್ನು ಬಿಟ್ಟರೆ ಬೇರೆ ಯಾರೂ ಗಮನವಿಟ್ಟು ನೋಡುವುದಿಲ್ಲ. ಆ ಚಿತ್ರಗಳ ಮಗ್ಗುಲಲ್ಲಿ ಅವರು ತಮಗಾಗಿ ಬರೆದುಕೊಂಡ ಟಿಪ್ಪಣಿಗಳಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಸ್ತುತ ಲೇಖನಕ್ಕೆ ಆಧಾರವಾಗಿರುವುದು ಅಂಥ ಒಂದು ಪುಸ್ತಿಕೆ. ಬರೆದವಳು ಸಾಗರ ಸೀಮೆಯ ದೀವರ ಮನೆತನದವಳು. ಹಸೆಗೋಡೆಯ ಚಿತ್ತಾರ ಬರೆಯುವ ಅಜ್ಜಿಯ ಮೊಮ್ಮಗಳು. ನಗರದ ಕಲಾಶಾಲೆಯೊಂದರಲ್ಲಿ ಓದುತ್ತಿದ್ದಾಗ ಮೊದಲ ಎರಡು ವರ್ಷಗಳ ಡ್ರಾಯಿಂಗ್ ತರಗತಿಯ ಅಭ್ಯಾಸಗಳ ಬಗ್ಗೆ ಆಕೆ ಇದರಲ್ಲಿ ಬರೆದಿಟ್ಟಿದ್ದಾಳೆ. ತನ್ನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಎತ್ತಬಾರದೆಂಬ ಮಾತಿನ ಮೇಲೆ ನನಗೆ ಓದಲು ಕೊಟ್ಟಳು. ಚಿತ್ತಾರದ ಬಗ್ಗೆ ಏನಾದರೂ ಸಿಕ್ಕೀತೆಂದು ಪುಟ ತಿರುವಿದ ನನಗೆ, ನನ್ನ ಅಧ್ಯಯನ ವಿಧಾನದ ಕೊರತೆಯೇ ಅಲ್ಲಿ ಎದುರಾಯಿತು.

ಅಭ್ಯಾಸಗಳ ಪಟ್ಟಿ ನಮಗೆಲ್ಲ ಪರಿಚಿತವಾದುದೇ. ವಸ್ತು ಚಿತ್ರಣ, ಸ್ಮರಣ ಚಿತ್ರ, ಪ್ರಕೃತಿ ಚಿತ್ರ, ವಿನ್ಯಾಸ, ರೇಖಾಗಣಿತ, ಅಕ್ಷರ ಬರವಣಿಗೆ. ಮುಂಬಯಿ ಪ್ರಾಂತ್ಯದಿಂದ ಬಂದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಾಗಲಿ, ನಮ್ಮಲ್ಲಿನ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಾಗಲಿ ಹೆಚ್ಚು ಕಡಿಮೆ ಇದೇ ಜಾಡಿನವು. ಇದರ ಬೇರು 1850ರ ದಶಕದಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ರೂಪುಗೊಂಡ, 23 ಹಂತಗಳ ಪಾಠಕ್ರಮದಲ್ಲಿದೆ. ಮದರಾಸು (1850), ಕಲಕತ್ತೆ (1854), ಮುಂಬಯಿ (1857) ನಗರಗಳ ಕಲಾಶಾಲೆಗಳ ಮೂಲಕ ಅದು ಈ ದೇಶದಲ್ಲಿ ಹರಡಿತು. ಕೈಗಾರಿಕೆಗೆ ಬೇಕಾದ ಕಣ್ಣು ಕೈಗಳ ಶಿಸ್ತು ಅದರ ಗುರಿಯಾಗಿತ್ತು. ಈ ಚರಿತ್ರೆಯನ್ನು ಕಲಾ ಚರಿತ್ರೆಕಾರರು ವಿಸ್ತಾರವಾಗಿ ಬರೆದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಮೊದಲ ಅಭ್ಯಾಸ ಒಂದು ಹಿತ್ತಾಳೆ ಚೊಂಬು. ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳತೆ ತೆಗೆಯುವ ಕ್ರಮವನ್ನು ಆಕೆ ಶ್ರದ್ಧೆಯಿಂದ ದಾಖಲಿಸಿದ್ದಾಳೆ. ಚೊಂಬಿನ ಬಾಯಿ ದೀರ್ಘವೃತ್ತವಾಗಿ ಸರಿಬಾರದೆ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ಜುಂಗೆದ್ದುದೂ ಇದೆ. ಆಮೇಲೆ ಒಂದು ಮಾತು ಬರುತ್ತದೆ: ತಾನು ಎಳೆಯುತ್ತಿರುವ ಗೆರೆ ಚೊಂಬಿನಲ್ಲಿ ಇಲ್ಲ, ಸ್ಟೂಲನ್ನು ಒಂದು ಮೊಳ ಸರಿಸಿದರೆ ಗೆರೆಯೂ ಸರಿಯುತ್ತದೆ. ಅಂದರೆ ಅದು ಚೊಂಬು ತನ್ನ ಕಣ್ಣಿಗೆ ಮುಗಿಯುವ ಜಾಗ ಮಾತ್ರ. ಹದಿನೆಂಟು ಹತ್ತೊಂಬತ್ತರ ಪ್ರಾಯದವಳು ಯಾವ ಸಿದ್ಧಾಂತ ಗ್ರಂಥದ ನೆರವೂ ಇಲ್ಲದೆ ಕಂಡುಕೊಂಡ ಈ ಸತ್ಯ ಸಣ್ಣದಲ್ಲ. ಹಸೆಗೋಡೆಯ ಗೆರೆಗೆ ಇಂಥ ಕೂರುವ ಜಾಗವಿಲ್ಲ ಎಂದು ಅದೇ ಪುಟದ ಕೆಳಗೆ ಬರೆದಿದ್ದಾಳೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿನಾರಿನ ಕುಂಚದಿಂದ ಎಳೆವ ಗೆರೆ ಯಾವುದರ ಅಂಚೂ ಅಲ್ಲ. ಅದು ಹಿಂದಿನ ಗೆರೆಯ ನಂತರದ್ದು, ಮುಂದಿನದರ ಮೊದಲಿನದು.

ಕನ್ನಡದ ಕ್ರಿಯಾಪದಗಳು ಈ ಭೇದವನ್ನು ಮೊದಲೇ ಅರಿತಿವೆ. ರಂಗೋಲಿಯನ್ನು ‘ಹಾಕುತ್ತೇವೆ’, ಚುಕ್ಕೆಯನ್ನು ‘ಇಡುತ್ತೇವೆ’, ಚಿತ್ತಾರವನ್ನು ‘ಬರೆಯುತ್ತೇವೆ’. ಬರೆಯುವುದಕ್ಕೆ ಮೊದಲು ಕೊನೆಗಳಿವೆ, ಅನುಕ್ರಮವಿದೆ. ಶಾಲೆಯ ಚಿತ್ರವನ್ನು ಮಾತ್ರ ‘ಬಿಡಿಸುತ್ತೇವೆ’. ಎದುರಿನ ವಸ್ತುವಿನಿಂದ ಅದರ ಆಕಾರವನ್ನು ಬಿಡಿಸಿ ಕಾಗದಕ್ಕೆ ತರುತ್ತೇವೆಂಬಂತೆ. ಆಡುಮಾತಿನಲ್ಲಿ ಇವು ಒಂದರ ಜಾಗಕ್ಕೆ ಇನ್ನೊಂದು ನುಗ್ಗುವುದುಂಟು. ಆದ್ದರಿಂದ ಇದನ್ನು ನಿಯಮವೆನ್ನಲಾರೆ, ಒಲವೆನ್ನಬಹುದು.

ಪುಸ್ತಿಕೆಯಲ್ಲಿ ಅತ್ಯಂತ ಸತ್ವಯುತವಾದ ಭಾಗ ಸ್ಮರಣ ಚಿತ್ರದ ಬಗೆಗಿನದು. ಸಂತೆಯ ದಿನವನ್ನು ನೆನಪಿನಿಂದ ಚಿತ್ರಿಸಲು ಹೇಳಿದಾಗ ಅವಳಿಗೆ ತಕ್ಕಡಿ ನೆನಪಾಯಿತು, ಅದನ್ನು ಹಿಡಿದ ಕೈ ನೆನಪಾಗಲಿಲ್ಲ. ಕಡಿಮೆ ಅಂಕ ಬಂತು. ನೂರಾರು ಗೆರೆಗಳ ಚಿತ್ತಾರವನ್ನು ನೋಡಿ ಬರೆಯಲು ಏನೂ ಇಲ್ಲದೆ ಬರೆಯುವ ಅಜ್ಜಿಯ ನೆನಪು ಎಲ್ಲಿದೆ ಎಂಬ ಪ್ರಶ್ನೆ ಆಗ ಹುಟ್ಟಿತು. ರಜೆಯಲ್ಲಿ ಊರಿಗೆ ಹೋಗಿ, ಗೋಡೆಯ ನಡುವಿನ ಒಂದು ತುಣುಕನ್ನಷ್ಟೇ ಬರೆದು ತೋರಿಸೆಂದು ಕೇಳಿದಳು. ಅಜ್ಜಿಗೆ ಆಗಲಿಲ್ಲ. ಹೊರ ಅಂಚಿನಿಂದ ಶುರುಮಾಡಿದರೆ ಮಾತ್ರ ಕೈ ನಡುವಿಗೆ ತಲುಪುತ್ತಿತ್ತು. ಕಾವ್ಯ ಹಾಡುವವರನ್ನು ಧ್ವನಿಮುದ್ರಿಸಿಕೊಂಡ ನಮಗೆಲ್ಲ ಇದರ ಅನುಭವವಿದೆ. ನಡುವಿನ ಸಾಲೊಂದನ್ನು ಮತ್ತೆ ಹೇಳಿರೆಂದರೆ ಹಾಡುಗಾರ ಪಲ್ಲವಿಗೆ ಮರಳುತ್ತಾನೆ. ಚುಕ್ಕೆ ರಂಗೋಲಿಯಲ್ಲೂ ಹೀಗೆಯೇ. ‘15ರಿಂದ 8, ಸಂದು ಚುಕ್ಕೆ’ ಎಂಬಷ್ಟು ಹೇಳಿದರೆ ಸಾಕು, ಬಲ್ಲವಳು ನಡುಸಾಲಿನಿಂದ ಎರಡೂ ಕಡೆಗೆ ಒಂದೊಂದೇ ಇಳಿಸುತ್ತ 169 ಚುಕ್ಕೆಗಳನ್ನು ಇಟ್ಟುಬಿಡುತ್ತಾಳೆ. ಅವಳ ನೆನಪಿನಲ್ಲಿರುವುದು ಎಣಿಕೆ. ಚಿತ್ರ ಆ ಎಣಿಕೆಯಿಂದ ಬರುತ್ತದೆ. ತರಗತಿಯ ಸ್ಮರಣ ಚಿತ್ರ ಪರೀಕ್ಷಿಸುವುದು ಕಣ್ಣಿನ ನೆನಪನ್ನು. ಕೈಯ ನೆನಪಿಗೆ ಅಲ್ಲಿ ಅಂಕವಿಲ್ಲ.

ವಿನ್ಯಾಸದ ಅಭ್ಯಾಸದಲ್ಲಿ ಘರ್ಷಣೆಯೇ ನಡೆಯಿತು. ಆಕೆ ಹಸೆಗೋಡೆಯ ಒಂದು ಮೂಲೆಯನ್ನು ಡ್ರಾಯಿಂಗ್ ಷೀಟಿನ ಮೇಲೆ ಪೋಸ್ಟರ್ ಬಣ್ಣದಲ್ಲಿ ಬರೆದು ಒಪ್ಪಿಸಿದಳು. ಅಧ್ಯಾಪಕರು ಅದನ್ನು ನಕಲು ಎಂದು ತಿರಸ್ಕರಿಸಿದರು. ಟಿಪ್ಪಣಿಯಲ್ಲಿ ಸಿಟ್ಟಿದೆ, ಸಹಜವೇ. ಅಚ್ಚಾದ ಅಲಂಕಾರಗಳ ನಕಲಿನಿಂದಲೇ ಆರಂಭವಾದ ಪಾಠಕ್ರಮವೊಂದು ನಕಲನ್ನು ಅಪರಾಧವೆನ್ನುವುದರಲ್ಲಿನ ವಿಪರ್ಯಾಸ ಅವಳಿಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಸಿಟ್ಟು ಇನ್ನಷ್ಟು ಏರುತ್ತಿತ್ತೇನೋ. ಆದರೆ ನಾನು ಇಲ್ಲಿ ಪೂರ್ತಿಯಾಗಿ ಅವಳ ಪಕ್ಷ ವಹಿಸಲಾರೆ. ಅದೇ ಹಾಳೆಯನ್ನು ಊರಿಗೊಯ್ದಾಗ ಅಜ್ಜಿ, ಉಳಿದದ್ದು ಎಲ್ಲಿ ಎಂದು ಕೇಳಿದರಂತೆ. ಅಧ್ಯಾಪಕರಿಗೆ ಅದು ಇನ್ನೊಬ್ಬರದಾಗಿ ಕಂಡಿತು, ಅಜ್ಜಿಗೆ ಅರೆಬರೆಯಾಗಿ ಕಂಡಿತು. ಮದುವೆಯ ಹಸೆಯ ಮೇಲೆ ಕೂರುವ ಗಂಡು ಹೆಣ್ಣು, ಬರೆಯುವಾಗಿನ ಹಾಡು, ಹೊರ ಅಂಚಿನ ಕಟ್ಟು, ಇವೆಲ್ಲ ಕಳಚಿದ ಮೇಲೆ ಉಳಿದದ್ದು ಮೂಲೆ ಮಾತ್ರ. ಇಂದು ಕೈಚೀಲ, ಗೋಡೆಗಡಿಯಾರ, ಶುಭಾಶಯ ಪತ್ರಗಳ ಮೇಲೆ ಚಿತ್ತಾರವೆಂದು ಮಾರಾಟವಾಗುತ್ತಿರುವುದರಲ್ಲಿ ಬಹುಪಾಲು ಇಂಥ ಮೂಲೆಗಳೇ. ಅದರಿಂದ ಬರೆಯುವ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುವುದಾದರೆ ಬೇಡವೆನ್ನುವ ಹಕ್ಕು ನನಗಿಲ್ಲ.

ತರಗತಿಯ ಶಿಸ್ತೇ ಗೆರೆಯನ್ನು ಕೊಲ್ಲುತ್ತದೆಂಬ ಆಕೆಯ ಇನ್ನೊಂದು ತೀರ್ಮಾನವನ್ನೂ ಒಪ್ಪಲಾಗದು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಹಾದು ಬಂದ ಕೆ.ಕೆ. ಹೆಬ್ಬಾರರ ನೃತ್ಯರೇಖೆಗಳನ್ನು ನೋಡಿದವರು ಹಾಗೆನ್ನುವುದಿಲ್ಲ. ಅಜ್ಜಿಯ ಗೆರೆ ತಪ್ಪುವುದೇ ಇಲ್ಲ, ಅವಳಿಗೆ ರಬ್ಬರು ಬೇಡ ಎಂಬಂಥ ವಾಕ್ಯಗಳೂ ಅಲ್ಲಲ್ಲಿ ಇವೆ. ಇದು ಮೊಮ್ಮಗಳ ಪ್ರೀತಿ. ಗೆರೆ ಸೊಟ್ಟಗಾದಾಗ ಕೆಮ್ಮಣ್ಣಿನ ಬಟ್ಟೆಯಿಂದ ಒರೆಸಿ, ಒಣಗುವ ತನಕ ಬೇರೆ ಕೆಲಸ ನೋಡುವ ಹೆಂಗಸರನ್ನು ನಾನು ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ.

ಕಂಡಿದ್ದೇನೆ, ಆದರೆ ಬರೆಯಲಿಲ್ಲ. ನನ್ನ ಸಂಶೋಧನ ಪ್ರಬಂಧಕ್ಕಾಗಿ ತೆಗೆದ ಛಾಯಾಚಿತ್ರಗಳೆಲ್ಲ ಮುಗಿದ ಗೋಡೆಗಳವು. ಪ್ರಬಂಧದಲ್ಲಿ ಈ ಕಲೆಯನ್ನು ಗುರುವಿಲ್ಲದ ವಿದ್ಯೆ, ಸಹಜ ಸ್ಫೂರ್ತಿ ಎಂದೇ ಬಣ್ಣಿಸಿದ್ದೆ. ಜಾನಪದ ಅಧ್ಯಯನಗಳಲ್ಲಿ ಸವೆದು ನುಣುಪಾದ ಪದಗಳಿವು. ಈ ಹುಡುಗಿ ತನ್ನ ಶಾಲೆಯ ಅಭ್ಯಾಸಗಳಿಗೆ ಎದುರು ಪುಟದಲ್ಲಿ ಮನೆಯ ಅಭ್ಯಾಸಗಳನ್ನು ಬರೆದಿದ್ದಾಳೆ. ಮೊದಲ ವರ್ಷ ಅಕ್ಕಿ ನೆನೆಹಾಕಿ ಅರೆಯುವುದಷ್ಟೇ. ಆಮೇಲೆ ಪುಂಡಿನಾರು ಜಜ್ಜಿ ಕುಂಚ ಕಟ್ಟುವುದು, ಕಪ್ಪಿಗೆ ಅಕ್ಕಿ ಹುರಿಯುವಾಗ ಎಷ್ಟು ಕರಕಾಗಬೇಕೆಂದು ಕಾಯುವುದು, ಹಳದಿಗೆ ಗುರಿಗೆ ಕಾಯಿ ತರುವುದು. ಭೂಮಿ ಹುಣ್ಣಿಮೆಯ ಬುಟ್ಟಿಯ ತಳದ ಸುತ್ತ, ಯಾರಿಗೂ ಕಾಣದ ಕಡೆ, ಗೆರೆ ಎಳೆಯಲು ಅಪ್ಪಣೆ. ಗೋಡೆ ಸಿಕ್ಕುವುದು ಎಷ್ಟೋ ವರ್ಷಗಳ ಮೇಲೆ, ಅದೂ ಒಳಗಿನ ತುಂಬುಗೆರೆಗಳಿಗೆ ಮಾತ್ರ. ಇದು ಹಂತ ಹಂತದ ಪಾಠಕ್ರಮವಲ್ಲದೆ ಇನ್ನೇನು? ನನ್ನ ಪ್ರಬಂಧದಲ್ಲಿ ಇದರ ಒಂದು ಸಾಲೂ ಇಲ್ಲ. ನಾನು ಮಾತನಾಡಿಸಿದ ವೃದ್ಧೆಯರಲ್ಲಿ ಹಲವರು ಈಗಿಲ್ಲ. ಅವರು ಹೇಗೆ ಕಲಿತರೆಂದು ಇನ್ನು ಕೇಳಲಾಗದು.

ಕೊನೆಯ ಪುಟಗಳಲ್ಲಿ ಆಕೆ ತನ್ನ ಮೊದಲ ಅಭ್ಯಾಸವನ್ನು ಅಜ್ಜಿಗೆ ಕೊಟ್ಟಿದ್ದಾಳೆ. ಜಗಲಿಯ ಮೇಲೆ ಚೊಂಬು ಇಟ್ಟು, ಪೆನ್ಸಿಲು ಕಾಗದ ಒಪ್ಪಿಸಿ, ಬರೆಯಲು ಹೇಳಿದ್ದಾಳೆ. ಚಿತ್ರ ಅಲ್ಲಿ ಅಂಟಿಸಿದೆ. ಚೊಂಬಿನ ಬಾಯಿ ಪೂರ್ಣ ವೃತ್ತವಾಗಿದೆ, ತಳ ಸಪಾಟಾಗಿದೆ. ಮೇಲಿನಿಂದಲೂ ಪಕ್ಕದಿಂದಲೂ ಏಕಕಾಲಕ್ಕೆ ನೋಡಿದಂತಿದೆ. ಪರ್ಸ್‌ಪೆಕ್ಟಿವ್ ಕಲಿಸುವವರು ಮೊದಲ ದಿನವೇ ತಿದ್ದುವ ತಪ್ಪು ಅದು. ವಿದ್ಯಾರ್ಥಿನಿ ತಿದ್ದಿಲ್ಲ, ಹೊಗಳಿಯೂ ಇಲ್ಲ. ಯಾವ ಗೆರೆಯ ನಂತರ ಯಾವ ಗೆರೆ ಬಂತೆಂದು 1ರಿಂದ 11ರವರೆಗೆ ಸಣ್ಣ ಅಂಕಿಗಳಲ್ಲಿ ಗುರುತು ಹಾಕಿದ್ದಾಳೆ. ಅಂಕ ನೀಡುವ ಚೌಕವನ್ನು ಖಾಲಿ ಬಿಟ್ಟಿದ್ದಾಳೆ.