ಹಾಲಿನ ಕವರಿನ ನರ್ಸರಿ

ಶಿರಸಿ ಸೀಮೆಯ ಹಿತ್ತಿಲ ನರ್ಸರಿಗೆ ಬೋರ್ಡು ಇರುವುದಿಲ್ಲ. ಬಚ್ಚಲ ಹಿಂದಿನ ನೆರಳಲ್ಲಿ ತಳಕ್ಕೆ ತೂತು ಹೊಡೆದ ಹಾಲಿನ ಕವರುಗಳ ಸಾಲು ಕಂಡರೆ ಅದೇ ನರ್ಸರಿ. ಮಳೆ ಹಿಡಿದರೆ ಕೆಲಸ ಶುರು. ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡೆಲೆ ಬಿಟ್ಟು ಉಳಿದವನ್ನು ತೆಗೆದು, ಮರಳು ಬೆರೆತ ಮಣ್ಣಿಗೆ ಊರುತ್ತಾರೆ. ಬೇರು ಬಂತೇ ಎಂದು ಕಿತ್ತು ನೋಡದಿರುವುದೇ ಇಲ್ಲಿಯ ದೊಡ್ಡ ವಿದ್ಯೆ! ಡೇರೆ ಹೂವಿನದು ಬೇರೆ ಲೆಕ್ಕ: ಗಡ್ಡೆಯ ಜೊತೆ ಕಾಂಡದ ಬುಡದ ಕಣ್ಣು ಅಂಟಿಕೊಂಡಿರದಿದ್ದರೆ ಮೊಳಕೆಯೇ ಇಲ್ಲ. ಆ ಗಡ್ಡೆ ಕೇಳಲು ಬರುವ ಪಕ್ಕದ ಮನೆಯಾಕೆ ಬರಿಗೈಲಿ ಬರುವುದಿಲ್ಲ. ಇಲ್ಲಿಲ್ಲದ ಬಣ್ಣವೊಂದನ್ನು ಸೆರಗಲ್ಲಿ ಕಟ್ಟಿ ತರುತ್ತಾಳೆ. ಶಿರಸಿಯ ‘ವನಸ್ತ್ರೀ’ ಬಳಗದ ಮಲೆನಾಡ ಮೇಳದಲ್ಲಿ ಬೀಜ, ಗಿಡ ಹರವಿ ಕೂರುವವರೂ ಇಂಥ ಹಿತ್ತಿಲ ಹೆಂಗಸರೇ. ದೊಡ್ಡ ನರ್ಸರಿಯ ಗಿಡಕ್ಕಿಂತ ಹಿತ್ತಿಲ ಗಿಡವೇ ಮೇಲು: ಸತ್ತರೆ ಅದರದೇ ಇನ್ನೊಂದು ಕಡ್ಡಿ ಪಕ್ಕದ ಮನೆಯಲ್ಲಿರುತ್ತದೆ.