ಕಳ್ಳಗಾಳಿಯ ಜಾಡು

ಸಿಗ್ನಲ್‌ನಲ್ಲಿ ನಿಂತಾಗ ಕಾಲು ಆಕ್ಸಿಲರೇಟರ್ ಮೇಲೆ ಇಲ್ಲದಿದ್ದರೂ ಎಂಜಿನ್ ತಾನಾಗಿ ರೇಸ್ ಆಗುತ್ತಿತ್ತು. 800ರ ಸುತ್ತ ಇರಬೇಕಾದ ಆರ್‌ಪಿಎಮ್ ಮುಳ್ಳು 1,300ಕ್ಕೆ ಹೋಗಿ ಕೂತಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಕೋಡ್ ಬರಲಿಲ್ಲ. ಥ್ರಾಟಲ್ ಬಾಡಿ ತೊಳೆದು ಕಳಿಸಿದರು. ಎರಡನೆಯ ಸಲ ಐಡಲ್ ವಾಲ್ವ್ ಹೊಸದಾಯಿತು. ಮೂರನೆಯ ಸಲ ಇಡೀ ಥ್ರಾಟಲ್ ಬಾಡಿಯೇ ಹೋಗಿದೆ ಎಂದರು. ಕಡೆಗೆ ಸಿಕ್ಕಿಬಿದ್ದದ್ದು, ಎಂಜಿನ್ನೊಳಗಿನ ಆವಿಯನ್ನು ಮರಳಿ ಎಳೆಸುವ ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಗೇಣುದ್ದದ ರಬ್ಬರ್ ಪೈಪು. ಬಾನೆಟ್ ಎತ್ತಿ ನೋಡಿದರೆ ಹೊಸದರಂತೆ ಕಾಣುತ್ತಿತ್ತು. ಸೀಳಿದ್ದು ಅಡಿಭಾಗದಲ್ಲಿ.

ವ್ಯಾಕ್ಯೂಮ್ ಲೀಕ್ ಎಂದು ಪುಸ್ತಕ ಕರೆಯುವುದನ್ನು ನಮ್ಮ ಮೆಕ್ಯಾನಿಕ್‌ಗಳು ‘ಗಾಳಿ ಎಳೀತಾ ಇದೆ’ ಅನ್ನುತ್ತಾರೆ. ಪುಸ್ತಕದ ಹೆಸರಿಗಿಂತ ಇದೇ ನಿಖರ. ಇಲ್ಲಿ ಏನೂ ಹೊರಗೆ ಸೋರುವುದಿಲ್ಲ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಮುಚ್ಚಿರುತ್ತದೆ, ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ. ಮ್ಯಾನಿಫೋಲ್ಡಿನೊಳಗೆ ಒತ್ತಡ ಕುಸಿದು, ಎಲ್ಲಿ ಬಿರುಕಿದೆಯೋ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತದೆ. ಪೆಟ್ರೋಲ್ ಎಂಜಿನ್‌ಗೆ ಒಂದು ಗ್ರಾಂ ಇಂಧನಕ್ಕೆ ಸುಮಾರು 14.7 ಗ್ರಾಂ ಗಾಳಿಯ ಲೆಕ್ಕ. ಆ ಲೆಕ್ಕಕ್ಕೆ ಸಿಗದೆ ಒಳಬಂದ ಗಾಳಿ ಕಳ್ಳಗಾಳಿ. ಥ್ರಾಟಲ್ಲೇ ಇಲ್ಲದಂತೆ ಉಸಿರಾಡುವ ಡೀಸೆಲ್ ಗಾಡಿಗಳಿಗೆ ಈ ರೋಗ ಈ ರೂಪದಲ್ಲಿ ಬರುವುದಿಲ್ಲ.

ಇದನ್ನು ಹಿಡಿಯಲು ಚಾಲ್ತಿಯಲ್ಲಿರುವ ಪದ್ಧತಿಗಳಲ್ಲಿ ಸ್ಕ್ಯಾನರಿಗೆ ಈಗ ಮೊದಲ ಪಂಕ್ತಿ. ಅದನ್ನು ಬಳಸುವ ರೀತಿಯ ಮೇಲೆ ನನಗೆ ಹೆಚ್ಚು ತಕರಾರಿದೆ. ಪಿ0171 ಎಂಬ ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸುವುದು ಅನೇಕ ಕಡೆ ರೂಢಿ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎನ್ನುವುದಷ್ಟೇ ಆ ಕೋಡಿನ ಮಾತು. ಸುಸ್ತಾದ ಫ್ಯೂಯಲ್ ಪಂಪ್, ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್, ಸೈಲೆನ್ಸರ್ ಪೈಪಿನ ಮುಂಭಾಗದ ಸೋರಿಕೆ, ಎಲ್ಲವೂ ಅದೇ ಕೋಡನ್ನು ತರಬಲ್ಲವು. ದೂರು ಕೊಟ್ಟವನನ್ನೇ ಲಾಕಪ್ಪಿಗೆ ಹಾಕಿದಂತೆ ಸೆನ್ಸರನ್ನು ಕಿತ್ತೆಸೆಯುತ್ತೇವೆ. ಅದೇ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಎಂಬ ಇನ್ನೊಂದು ಪುಟವಿದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಎಷ್ಟು ಶೇಕಡಾ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಿದೆ ಎಂಬ ಲೆಕ್ಕದ್ದು. ಐಡ್ಲಿಂಗ್‌ನಲ್ಲಿ +20 ಇದ್ದದ್ದು 2,500 ಆರ್‌ಪಿಎಮ್‌ಗೆ ಏರಿಸಿದಾಗ +4ಕ್ಕೆ ಇಳಿದರೆ ಕಳ್ಳಗಾಳಿಯ ಗುಮಾನಿ ಬಲವಾಗುತ್ತದೆ, ಏಕೆಂದರೆ ಬಿರುಕಿನ ಗಾತ್ರ ಅಷ್ಟೇ, ಎಂಜಿನ್ ಕುಡಿಯುವ ಒಟ್ಟು ಗಾಳಿ ಮಾತ್ರ ಹೆಚ್ಚಿದೆ. ಇಳಿಯದೆ ಏರಿದರೆ ಪಂಪಿನ ಕಡೆ ನೋಡಬೇಕು. ಎರಡು ನಿಮಿಷದ ಕೆಲಸ. ಆದರೂ ಆ ಪುಟ ತೆರೆಯುವವರು ಕಡಿಮೆ.

ಇಲ್ಲೂ ಒಂದು ಹಳ್ಳವಿದೆ. ಈ ಟ್ರಿಮ್ ಸೂತ್ರ ಪೂರ್ತಿ ಒಪ್ಪುವುದು ಬರುವ ಗಾಳಿಯನ್ನು ನೇರ ಅಳೆಯುವ, ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಿಗೆ. ನಮ್ಮ ರಸ್ತೆಯ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಮ್ಯಾಪ್ ಸೆನ್ಸರಿನವು. ಅವು ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿಯನ್ನು ಅಂದಾಜು ಮಾಡುತ್ತವೆ. ಬಿರುಕಿನಿಂದ ಗಾಳಿ ಬಂದರೆ ಒತ್ತಡ ಏರುತ್ತದೆ, ಇಸಿಯು ಅದಕ್ಕೂ ಸೇರಿಸಿ ಪೆಟ್ರೋಲ್ ಕೊಡುತ್ತದೆ. ಮಿಶ್ರಣ ಹೆಚ್ಚುಕಮ್ಮಿ ಸರಿಯಾಗಿಯೇ ಉಳಿದು ಐಡ್ಲಿಂಗ್ ಮಾತ್ರ ಏರುತ್ತದೆ. ಟ್ರಿಮ್ ಶುದ್ಧ, ಕೋಡ್ ಇಲ್ಲ, ಗಾಡಿ ರೇಸ್. ನನ್ನ ಕಾರಿಗೆ ಆಗಿದ್ದು ಇದೇ. ಇದರ ಮೇಲೆ ಈಗ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬೇರೆ. ಆಮ್ಲಜನಕವನ್ನು ಜೊತೆಗೇ ಹೊತ್ತು ತರುವ ಆ ಇಂಧನಕ್ಕೆ 14.7ರಷ್ಟು ಗಾಳಿ ಬೇಡ. ಹಳೆಯ ಕಾರಿನಲ್ಲಿ ಟ್ರಿಮ್ ನಾಲ್ಕೈದು ಅಂಕ ಮೇಲಿದ್ದ ಮಾತ್ರಕ್ಕೆ ಬಿರುಕು ಹುಡುಕುತ್ತ ಕೂರಬೇಕಾಗಿಲ್ಲ.

ವ್ಯಾಕ್ಯೂಮ್ ಗೇಜಿನದೂ ಇಂಥದೇ ಫಜೀತಿ. ಆರೋಗ್ಯವಂತ ಎಂಜಿನ್ 18ರಿಂದ 21 ಇಂಚು ಪಾದರಸ ತೋರಿಸಬೇಕು ಎಂದು ಕೈಪಿಡಿ ಹೇಳುತ್ತದೆ. ಅದು ಸಮುದ್ರಮಟ್ಟದ ಮಾತು. ಸಾವಿರ ಅಡಿ ಮೇಲೇರಿದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸುತ್ತದೆ, ಕೈಪಿಡಿಯ ಪ್ರಕಾರ ರೋಗಿಷ್ಠ!

ಕಾರ್ಬ್ಯುರೇಟರ್ ಕಾಲದಿಂದ ಬಂದ ಸ್ಪ್ರೇ ವಿದ್ಯೆಗೆ ನಾಟಕದ ಸೊಗಸಿದೆ. ಕಾರ್ಬ್ ಕ್ಲೀನರನ್ನು ಜೋಡಣೆಗಳ ಮೇಲೆ ಚಿಮುಕಿಸುತ್ತ ಹೋಗುವುದು, ಬಿರುಕು ಅದನ್ನು ಎಳೆದುಕೊಂಡ ಕ್ಷಣ ಎಂಜಿನ್ನಿನ ದನಿ ಬದಲಾಗುವುದು. ಸುಲಭ, ಅಗ್ಗ. ಆದರೆ ಕಾದ ಎಕ್ಸಾಸ್ಟ್ ಮೇಲೆ ಹೊತ್ತಿಕೊಳ್ಳುವ ದ್ರವ ಸಿಂಪಡಿಸುತ್ತಿದ್ದೇವೆ ಎಂಬುದನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ. ಫ್ಯಾನಿನ ಗಾಳಿ ಸ್ಪ್ರೇಯನ್ನು ಏರ್ ಫಿಲ್ಟರಿಗೇ ಒಯ್ದು ಸುಳ್ಳು ಸಾಕ್ಷಿ ಹುಟ್ಟಿಸುತ್ತದೆ. ಐಡ್ಲಿಂಗನ್ನು ಇಸಿಯು ಹಿಡಿದಿಡುವ ಹೊಸ ಗಾಡಿಗಳಲ್ಲಿ ದನಿ ಬದಲಾಗದೆಯೂ ಹೋಗಬಹುದು. ನೀರನ್ನೇ ಸಣ್ಣಗೆ ಸಿಂಪಡಿಸಿದರೆ ಬಿರುಕು ಅರೆಕ್ಷಣ ಮುಚ್ಚಿ ಗಾಳಿ ಎಳೆಯುವ ‘ಸುಸ್’ ಸದ್ದು ನಿಲ್ಲುತ್ತದೆ, ಕರೆಂಟಿನ ಕನೆಕ್ಟರುಗಳನ್ನು ತಪ್ಪಿಸಿದರೆ ಸಾಕು.

ಬಿರುಕು ಎಲ್ಲಿ ಎಂಬ ಪ್ರಶ್ನೆಗೆ ಕಣ್ಣೆದುರೇ ಉತ್ತರ ಕೊಡುವುದು ಹೊಗೆ ಯಂತ್ರ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ಒಂದು ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದರೆ ಬಿರುಕಿದ್ದಲ್ಲಿ ಎಳೆಯಾಗಿ ಏಳುತ್ತದೆ. ಅದಕ್ಕೆ ನಾನು ಪೂರ್ತಿ ಅಂಕ ಕೊಡಲಾರೆ. ಕಾದಾಗ ಮಾತ್ರ ಬಾಯಿಬಿಡುವ ಗ್ಯಾಸ್ಕೆಟ್ಟು ತಣ್ಣಗಿರುವಾಗ ಅದರ ಮುಂದೆ ಸಭ್ಯನಂತೆ ಕೂತಿರುತ್ತದೆ.

ನನ್ನ ಕಾರಿನ ಬಿರುಕನ್ನು ಕಡೆಗೆ ಹಿಡಿದ ಕಲಾಸಿಪಾಳ್ಯದ ಹಿಂದಿನ ಗಲ್ಲಿಯ ಮೆಕ್ಯಾನಿಕ್ ಇದಾವುದನ್ನೂ ಮುಟ್ಟಲಿಲ್ಲ. ಚಿಂದಿ ಸುತ್ತಿದ ಪ್ಲೈಯರ್ ಹಿಡಿದು, ಮ್ಯಾನಿಫೋಲ್ಡಿಗೆ ಸೇರುವ ಪೈಪುಗಳನ್ನು ಅದರ ಬುಡದಲ್ಲೇ ಒಂದೊಂದಾಗಿ ಅಮುಕುತ್ತ ಬಂದರು. ಬ್ರೇಕ್ ಬೂಸ್ಟರಿನದು, ಮುಳ್ಳು ಅಲ್ಲಾಡಲಿಲ್ಲ. ಪೆಟ್ರೋಲ್ ಆವಿಯ ಪರ್ಜ್ ಪೈಪು, ಇಲ್ಲ. ಪಿಸಿವಿ ಪೈಪು ಅಮುಕಿದ್ದೇ 1,300 ಒಮ್ಮೆಲೇ 850ಕ್ಕೆ ಬಿತ್ತು. ‘ಐವತ್ತು-ನೂರು ಇಳಿದರೆ ಅದು ಹಂಗೇ ಸಾರ್, ಇಷ್ಟು ಇಳಿಯಂಗಿಲ್ಲ’ ಎಂದರು. ಮ್ಯಾಪ್ ಸೆನ್ಸರ್ ಗಾಡಿಗೆ ಇದಕ್ಕಿಂತ ಒಪ್ಪುವ ಪರೀಕ್ಷೆ ನಾನು ಕಂಡಿಲ್ಲ. ಗ್ಯಾಸ್ಕೆಟ್ಟಿನ ಬಿರುಕು ಇದಕ್ಕೆ ಸಿಗುವುದಿಲ್ಲ, ಒಣಗಿದ ಪೈಪು ಅಮುಕಿದಾಗಲೇ ಮುರಿಯಲೂಬಹುದು. ಮುರಿದರೆ ಹೇಗೂ ಬದಲಿಸಬೇಕಾದದ್ದೇ.

ದುರಸ್ತಿಯಲ್ಲಿ ನಮ್ಮ ಕೈ ಇನ್ನೂ ಒರಟು. ಇನ್ಸುಲೇಷನ್ ಟೇಪು ಎಣ್ಣೆಯ ಬಿಸಿಗೆ ವಾರದಲ್ಲಿ ಜಾರುತ್ತದೆ, ಎಂ-ಸೀಲ್ ಎಂಜಿನ್ನಿನ ನಡುಕಕ್ಕೆ ಬಿರಿಯುತ್ತದೆ. ತೆಳು ಗೋಡೆಯ ಮಾಮೂಲಿ ಪೈಪು ಹಾಕಿದರೆ ವ್ಯಾಕ್ಯೂಮ್ ಎಳೆತಕ್ಕೆ ಅದು ಒಳಕ್ಕೆ ಚಪ್ಪಟೆಯಾಗುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯುವ ತಾಳ್ಮೆ ಅಪರೂಪ.

ನನ್ನ ಕಾರಿಗೆ ಕಂಪನಿಯ ಪೈಪೇ ಬಂತು. ಐಡಲ್ ವಾಲ್ವಿಗೆ ಕೊಟ್ಟ ದುಡ್ಡಿನಲ್ಲಿ ಅಂಥವು ಹತ್ತಾರು ಕೊಳ್ಳಬಹುದಿತ್ತು. ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಮೆಕ್ಯಾನಿಕ್ ಟಾರ್ಚ್ ಬಿಟ್ಟು ಥ್ರಾಟಲ್ಲಿನ ಸ್ಟಾಪ್ ಸ್ಕ್ರೂ ತೋರಿಸಿದರು. ಅದರ ಮೇಲಿದ್ದ ಕಂಪನಿಯ ಬಣ್ಣದ ಗುರುತು ಒಡೆದಿತ್ತು. ರೇಸ್ ತಗ್ಗಿಸಲೆಂದು ಹಿಂದೆ ಯಾರೋ ಅದನ್ನು ಸಡಿಲಿಸಿದ್ದರು. ಬಣ್ಣದ ಎರಡು ಅಂಚು ಕೂಡುವ ತನಕ ಅವರು ಅದನ್ನು ತಿರುಗಿಸಿದರು, ಬ್ಯಾಟರಿ ಕಳಚಿ ಹತ್ತು ನಿಮಿಷ ಬಿಟ್ಟರು, ಆ ಹೊತ್ತಿನಲ್ಲಿ ಟೀ ತರಿಸಿದರು.