ಮಿಥಾಲ್ ಗುಡಿಯ ಬಾಗಿಲಲ್ಲಿ ಸೇರಾ

ಗುಡಿಯೊಳಕ್ಕೆ ಹೋಗೋದು ಒಂದು ಒಗಟು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜಂದಿರು ಆ ಒಗಟಿನ ಹೊರಗೇ ನಿಂತು ಸತ್ತರು. ಅದೇ ಒಗಟನ್ನು ಕಂಪ್ಯೂಟರಿನ ಪರದೆಯ ಮೇಲಿಟ್ಟು, ಬಿಡಿಸಿದವರಿಗೆ ಬಹುಮಾನ ಕೊಡುವ ಆಟವೊಂದರ ಬಗ್ಗೆ ಇಲ್ಲಿ ಮಾತಾಡಬೇಕಾಗಿದೆ. ವಿಡಿಯೋ ಗೇಮಿಗೂ ವಿಮರ್ಶೆಯೇ ಅಂತ ಮೂಗು ಮುರಿಯುವ ಪಂಡಿತರು ಮುರಿದುಕೊಳ್ಳಲಿ. ಹಾಸ್ಟೆಲಿನಲ್ಲಿ ಒಂದೇ ಕಂಪ್ಯೂಟರಿನ ಮುಂದೆ ನಾಲ್ಕೈದು ಜನ ಕೂತು ರಾತ್ರಿಯಿಡೀ ಆಡುವ ಕತೆಗಳಿವು. ಕಾದಂಬರಿ ಮುಟ್ಟದ ನಮ್ಮ ತಮ್ಮ ತಂಗಿಯರ ತಲೆಯೊಳಕ್ಕೆ ಇಳಿಯುವ ಕತೆಗಳಿವು. ಇವನ್ನು ನಾವು ಓದದೆ ಬಿಟ್ಟರೆ ಇನ್ಯಾರು ಓದ್ತಾರೆ?

ಕೆನಡಾದ ಬಯೋವೇರ್ ಕಂಪನಿ 2014ರ ನವೆಂಬರಿನಲ್ಲಿ ಹೊರತಂದ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಆ ಆಟ. ಅದರ ಲೋಕದಲ್ಲಿ ಎಲ್ಫ್ ಅಂತ ಚೂಪು ಕಿವಿಯ ಜನ ಇದ್ದಾರೆ. ಟೆವಿಂಟರ್ ಸಾಮ್ರಾಜ್ಯ ಅವರನ್ನು ಗುಲಾಮರನ್ನಾಗಿ ಮಾಡಿತು. ಈಗ ಪಟ್ಟಣದ ಎಲ್ಫ್‌ಗಳು ಗೋಡೆ ಸುತ್ತಿದ ಕೇರಿಗಳಲ್ಲಿ ಬದುಕುತ್ತಾರೆ, ಮನುಷ್ಯರ ಮನೆಯ ಚಾಕರಿ ಮಾಡ್ತಾರೆ. ಇದೇ ಮಾಲೆಯ 2009ರ ಮೊದಲ ಆಟದಲ್ಲಿ ಅಂಥ ಕೇರಿಯ ಮದುವೆಗೆ ಧಣಿಯ ಮಗ ನುಗ್ಗಿ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾನೆ. ನೆಲದಡಿಯ ಕುಳ್ಳರ ನಗರದಲ್ಲಿ ಜಾತಿಯಿಲ್ಲದವರ ಮುಖಕ್ಕೆ ಗುರುತು ಹಾಕಿರ್ತಾರೆ. ಅವರು ಆಯುಧ ಹಿಡಿಯುವಂತಿಲ್ಲ. 'ಜಾತಿ' ಅನ್ನೋ ಪದವನ್ನೇ ಆ ಆಟ ಬಳಸುತ್ತದೆ. ಬರೆದದ್ದು ಕೆನಡಾದಲ್ಲಿ. ನಮಗೆ ಮಾತ್ರ ಇದು ಕೇಳಿದ ಕತೆ.

ಈಗ ಗುಡಿಗೆ ಬರೋಣ. ಕಾಡಿನ ನಡುವೆ ಮಿಥಾಲ್ ಎಂಬ ಎಲ್ಫ್ ದೇವತೆಯ ಹಳೆಯ ದೇಗುಲ. ಶತ್ರು ಸೈನ್ಯ ಆಗಲೇ ಒಳಗೆ ನುಗ್ಗಿದೆ. ಬಾಗಿಲು ತೆರೆಯಬೇಕಾದರೆ ಅಂಗಳದ ಕಲ್ಲುಗಳ ಮೇಲೆ ನಡೆಯಬೇಕು. ಕಾಲಿಟ್ಟ ಕಲ್ಲು ಬೆಳಗುತ್ತದೆ. ಬೆಳಗಿದ ಕಲ್ಲನ್ನು ಮತ್ತೆ ತುಳಿದರೆ ಎಲ್ಲಾ ಹಾಳು, ಮೊದಲಿಂದ ಶುರು. ಎಲ್ಲಾ ಕಲ್ಲೂ ಬೆಳಗಿದರೆ ಬಾಗಿಲು. ಒಳಗೆ ಹೋದ ಮೇಲೆ ಎರಡು ದಾರಿ: ಶತ್ರುಗಳು ನೆಲ ಒಡೆದು ಮಾಡಿದ ಗುಂಡಿಯೊಳಕ್ಕೆ ಧುಮುಕಿ ಬೆನ್ನಟ್ಟೋದು, ಇಲ್ಲಾ ಇಂಥದೇ ಇನ್ನೂ ಮೂರು ವಿಧಿಗಳನ್ನು ಸಾವಧಾನವಾಗಿ ಮುಗಿಸೋದು. ಧುಮುಕಿದರೆ ಗುಡಿಯ ಕಾವಲುಗಾರರು ಮೇಲೆ ಬೀಳ್ತಾರೆ. ವಿಧಿ ಮುಗಿಸಿದರೆ ಅವರ ಮುಖ್ಯಸ್ಥ ಅಬೆಲಾಸ್ ತಾನೇ ಬಂದು ಸ್ನೇಹ ನೀಡ್ತಾನೆ.

ಆಟವಾಗಿ ಇದು ಚೆನ್ನಾಗಿದೆ, ಇಲ್ಲ ಅನ್ನೋದಿಲ್ಲ. ಹೊರಗೆ ಯುದ್ಧ ನಡೀತಿರುವಾಗ ಮೆಲ್ಲಗೆ ಕಲ್ಲೆಣಿಸುತ್ತಾ ನಡೆಸುವ ಧೈರ್ಯ ಬರೆದವರಿಗಿತ್ತು. ಆದರೆ ಒಗಟು ಅಂದರೆ ಏನು? ಉತ್ತರ ಇದ್ದೇ ಇರುತ್ತದೆ ಅನ್ನೋ ಭರವಸೆ. ವಿನಯದಿಂದ ನಡೆದರೆ ಬಾಗಿಲು ತೆರೆಯುತ್ತದೆ ಅನ್ನೋ ಭರವಸೆ. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಗುಡಿಯ ಮುಂದೆ ಬಾಬಾಸಾಹೇಬರು ಶುರು ಮಾಡಿದ ಸತ್ಯಾಗ್ರಹದಲ್ಲಿ ಕೂತವರಿಗೆ ಆ ಭರವಸೆ ಎಲ್ಲಿತ್ತು? ಅಲ್ಲಿ ಬೆಳಗಿಸೋಕೆ ಕಲ್ಲುಗಳಿರಲಿಲ್ಲ. ಬೀಗ ಹಾಕಿದವನ ಮನಸ್ಸು ಮಾತ್ರ ಇತ್ತು. ಒಂದು ಮಾತು ಒಪ್ಪಬೇಕು: ಮಿಥಾಲ್ ಗುಡಿ ಉಳ್ಳವರ ಗುಡಿಯಲ್ಲ, ತುಳಿತಕ್ಕೊಳಗಾದ ಜನರದೇ ಕಳೆದುಹೋದ ಗುಡಿ. ಆದರೂ ಆಡುವವರು ಎಲ್ಫ್ ಆಗಿದ್ದರೂ ಅಬೆಲಾಸ್ ಅವರನ್ನು ತನ್ನ ಜನ ಅಂತ ಒಪ್ಪೋದಿಲ್ಲ. ಅವನಿಗೆ ಇವರೆಲ್ಲ ನೆರಳುಗಳು. ಕೇರಿಯಲ್ಲಿ ಒದೆ ತಿಂದವರು ಅಪ್ಪಟರಲ್ಲ, ಗುಡಿಯಲ್ಲಿ ನಿದ್ದೆ ಹೋಗಿದ್ದವನು ಅಪ್ಪಟ! ಈ ನ್ಯಾಯ ನಮಗೆ ಹೊಸದೇನಲ್ಲ.

ಗುಡಿಗೆ ಹೋಗುವಾಗ ಒಂಬತ್ತು ಜನ ಸಂಗಾತಿಗಳಲ್ಲಿ ಮೂವರನ್ನು ಆರಿಸಿಕೊಳ್ಳಬೇಕು. ಬಹಳ ಜನ ಆರಿಸೋದು ಸೋಲಸ್‌ನನ್ನು. ಪ್ರಾಚೀನ ಎಲ್ಫ್ ವಿದ್ಯೆ ಬಲ್ಲವನು, ಗಂಭೀರ ಮಾತಿನವನು. ನಾವು ವಿಧಿ ಪಾಲಿಸಿದರೆ ಮೆಚ್ಚುತ್ತಾನೆ. ಜೊತೆಗೆ ಆಟವೇ ಕಳಿಸಿಕೊಡುವ ಮಾರಿಗನ್ ಇದ್ದಾಳೆ. ಅವಳು ಎಲ್ಫ್ ಅಲ್ಲ, ಆದರೂ ಎಲ್ಫ್‌ಗಳ ಶಾಸ್ತ್ರವನ್ನು ಅವರಿಗೇ ವಿವರಿಸ್ತಾಳೆ. ಇನ್ನುಳಿದವಳು ಸೇರಾ. ಪಟ್ಟಣದ ಅನಾಥೆ, ಬಿಲ್ಲುಗಾತಿ, ಬಾಯಿ ಹರಕಿ. ಆಳುಗಳು, ಅಡಿಗೆಯವರು, ಕುದುರೆ ತೊಳೆಯೋರು ಗುಟ್ಟಾಗಿ ಸೇರಿ ಧಣಿಗಳಿಗೆ ಪಾಠ ಕಲಿಸುವ ಒಂದು ಬಳಗ, ಅದರವಳು ಅವಳು. ಎಲ್ಫ್ ವೈಭವ ಅಂದರೆ ಅವಳಿಗೆ ಮೈ ಉರಿಯುತ್ತದೆ. ವಾಪಸು ಬಂದ ಮೇಲೆ ಜಗಳಕ್ಕೇ ನಿಲ್ತಾಳೆ: ಈ ದೇವರುಗಳೆಲ್ಲಾ ಬೊಗಳೆ ಅಂತ ಒಪ್ಕೋ! ಎಲ್ಫ್ ನಾಯಕಿ ಅವಳ ಪ್ರೇಯಸಿಯಾಗಿದ್ದರೆ, ಒಪ್ಪದೆ ಹಟ ಹಿಡಿದರೆ, ಆ ಪ್ರೀತಿಯೇ ಮುರಿದು ಬೀಳುತ್ತದೆ.

ಸೇರಾಳನ್ನು ಪೂಜೆ ಮಾಡಬೇಕಿಲ್ಲ. ಅವಳ ಸಿಟ್ಟಿನೊಳಗೆ ಭಯವೂ ಇದೆ. ಮನುಷ್ಯರ ದೇವರನ್ನು ನಂಬಿದವಳು ಅವಳು, ತನ್ನ ಕಿವಿಯಿಂದಲೇ ತಪ್ಪಿಸಿಕೊಳ್ಳಲು ನೋಡುವವಳು. ಆದರೆ ಆಟ ಅವಳನ್ನು ನಗೆಪಾಟಲು ಮಾಡುತ್ತದೆ. ಅರಿವೆಲ್ಲ ಸೋಲಸ್‌ನ ಬಾಯಲ್ಲಿ, ಮಾರಿಗನ್ನಳ ಬಾಯಲ್ಲಿ. ಸೇರಾಳ ಪಾಲಿಗೆ ಬಂದದ್ದು ಗೊಣಗಾಟ. ಆಮೇಲೆ ಏನಾಯ್ತು? 2015ರ ಮುಂದುವರಿಕೆ 'ಟ್ರೆಸ್‌ಪಾಸರ್'ನಲ್ಲಿ ನಿಜ ಹೊರಬಿತ್ತು. ಆ ದೇವರುಗಳು ದೇವರುಗಳೇ ಅಲ್ಲ, ಬಲಾಢ್ಯ ಮಾಂತ್ರಿಕರು, ಗುಲಾಮರ ಒಡೆಯರು. ಕಾಡಿನ ಎಲ್ಫ್‌ಗಳು ಭಕ್ತಿಯಿಂದ ಮುಖಕ್ಕೆ ಹಾಕಿಸಿಕೊಳ್ಳುವ ಹಚ್ಚೆ ಒಂದು ಕಾಲದ ಜೀತದ ಗುರುತು. ಆ ಪಂಡಿತ ಸೋಲಸ್ ಹಿಂದೆ ಗುಲಾಮರನ್ನು ಬಿಡಿಸಿದವನು, ನಿಜ. ಈಗ ಅವನೇ ಕಳೆದುಹೋದ ಸುವರ್ಣಯುಗ ವಾಪಸು ತರೋಕೆ ಇಂದಿನ ಲೋಕವನ್ನೇ ನಾಶ ಮಾಡಲು ಹೊರಟವನು. ಸೇರಾ ಓದದೆ ಹೇಳಿದ್ದು ಅರ್ಧಕ್ಕಿಂತ ಹೆಚ್ಚು ಸರಿಯಿತ್ತು. ಅದಕ್ಕೆ ಅವಳಿಗೆ ಸಿಕ್ಕ ಮರ್ಯಾದೆ ಎಷ್ಟು?

ಗುಡಿಯ ತುದಿಯಲ್ಲಿ ಒಂದು ಬಾವಿಯಿದೆ. ದುಃಖದ ಬಾವಿ ಅಂತ ಹೆಸರು. ಮಿಥಾಲ್‌ಳ ಸೇವಕರು ತಲೆತಲಾಂತರದಿಂದ ಗಳಿಸಿದ ಅರಿವೆಲ್ಲ ಆ ನೀರಿನಲ್ಲಿದೆ. ಕುಡಿದವರಿಗೆ ಆ ಅರಿವು ಸಿಗುತ್ತದೆ, ಆದರೆ ಅವರು ಮಿಥಾಲ್‌ಳ ಆಜ್ಞೆಗೆ ಬಿದ್ದವರಾಗ್ತಾರೆ. ನೋಡಿ, ಅರಿವು ಆಳುಗಳದು, ಬೀಗದ ಕೈ ಒಡತಿಯದು! ನೀನು ಕುಡಿ ಅಂದರೆ ಸೋಲಸ್ ಖಡಾಖಂಡಿತವಾಗಿ ಒಲ್ಲೆ ಅಂತಾನೆ. ಬೆಲೆ ಬಲ್ಲವನು. ಮಾರಿಗನ್ ಮುಂದೆ ಬೀಳ್ತಾಳೆ. ಇಲ್ಲಾ ನಾವೇ ಕುಡಿಯಬೇಕು. ಎದುರು ಪಾಳಯದಲ್ಲಿ ಕ್ಯಾಲ್ಪರ್ನಿಯಾ ಇದ್ದರೆ ಕತೆ ಇನ್ನೂ ಕಹಿ. ಟೆವಿಂಟರಿನ ಗುಲಾಮಳಾಗಿದ್ದು ಮೇಲೆದ್ದವಳು ಅವಳು. ಈ ಬಾವಿಗೆ ಅವಳನ್ನು ಕಳಿಸಿದ ಒಡೆಯ ಗುಟ್ಟಾಗಿ ಅವಳನ್ನು ಮತ್ತೆ ಕಟ್ಟಿಹಾಕುವ ಮಂತ್ರ ಸಿದ್ಧ ಮಾಡಿಕೊಂಡಿರ್ತಾನೆ. ಅದನ್ನು ಮೊದಲೇ ಪತ್ತೆ ಹಚ್ಚಿ ಅವಳಿಗೆ ಹೇಳಿದರೆ ಕಾದಾಟವಿಲ್ಲದೆ ಹೊರಟು ಹೋಗ್ತಾಳೆ. ಇಡೀ ಆಟದಲ್ಲಿ ನಮಗೆ ಅತ್ಯಂತ ಹಿಡಿಸಿದ ಗೆಲುವು ಇದು: ಕತ್ತಿಯೆತ್ತದೆ, ನಿಜ ಹೇಳಿ ಗೆದ್ದದ್ದು.

ನೀರು ಕುಡಿಯೋದು ನಮಗೆ ಸಣ್ಣ ಮಾತಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಕುಡಿದ ನೀರು ಯಾರ ಆಜ್ಞೆಗೂ ನಮ್ಮನ್ನು ಕಟ್ಟಲಿಲ್ಲ, ಬಿಡಿಸಿತು. ಆದರೆ ಮನೆತನದಲ್ಲೇ ಮೊದಲ ಸಲ ಪದವಿ ಪಡೆದ ನಮ್ಮಂಥವರು ಇನ್ನೊಂದು ಬಾವಿಯದೂ ಕುಡಿದಿದ್ದೇವೆ. ರಸ, ಧ್ವನಿ, ಔಚಿತ್ಯ ಅಂತ ಮೂರು ವರ್ಷ ಬಾಯಿಪಾಠ ಮಾಡಿ, ಕೊನೆಗೆ ನಮ್ಮ ಕವಿತೆಯನ್ನೇ ಅವರ ದನಿಯಲ್ಲಿ ಬೈದುಕೊಂಡವರು ನಮ್ಮ ನಡುವೆ ಎಷ್ಟು ಜನ ಇಲ್ಲ? ಕುಡಿಯಬಾರದಿತ್ತು ಅಂತ ಅಲ್ಲ. ಕುಡಿಯದೆ ಇದ್ದರೆ ಈ ಲೇಖನವನ್ನೂ ಬರೀತಿರಲಿಲ್ಲ. ಕಿವಿಯೊಳಗೆ ಪಿಸುಗುಡುತ್ತಿರೋದು ಯಾರು, ಸೇವಕರೋ ಒಡತಿಯೋ ಅಂತ ಬೇರ್ಪಡಿಸೋದು ಹೇಗೆ? ಆ ಒಗಟನ್ನು ಮಾತ್ರ ಆಟ ಬಿಡಿಸೋಕೆ ಕೊಡೋದಿಲ್ಲ.

ಗೆಳೆಯರೇ, ಮುಂದಿನ ಸಲ ಆ ಗುಡಿಗೆ ಹೋಗುವಾಗ ಸೇರಾಳನ್ನು ಕರೆದುಕೊಂಡು ಹೋಗಿ. ಕಲ್ಲುಗಳ ಮೇಲೆ ನೀವು ಮೆಲ್ಲಗೆ ಹೆಜ್ಜೆ ಇಡುವಾಗ ಹಿಂದಿನಿಂದ ಅವಳು ಏನೇನಂತಾಳೆ ಅಂತ ಬರೆದುಕೊಂಡು ನಮಗೆ ಕಳಿಸಿ, ಅಚ್ಚು ಹಾಕ್ತೀವಿ.